ಇಂಟರ್ನ್‌ಶಿಪ್ ಡೈರಿಯಲ್ಲಿ ದಿನಾ ಏನು ಬರೆಯೋದು?

ಬಿ.ಎಡ್ ಎರಡನೇ ವರ್ಷದಲ್ಲಿ ಹೈಸ್ಕೂಲಿಗೆ ಹೊರಡುವ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಂದ ಪ್ರತಿ ವರ್ಷವೂ ತಪ್ಪದೆ ಬರುವ ಪ್ರಶ್ನೆ ಒಂದಿದೆ. "ಪಾಠ ಹೇಗೋ ಮಾಡ್ತೀವಿ, ಆದ್ರೆ ಆ ರಿಫ್ಲೆಕ್ಟಿವ್ ಡೈರಿಯಲ್ಲಿ ದಿನಾ ಏನು ಬರೆಯೋದು?" ತಮ್ಮ ಪಾಠವನ್ನು ತಾವೇ ಹಿಂದಿರುಗಿ ನೋಡಿ ಬರೆಯುವ ದಿನಚರಿ ಅದು. ಕೇಳುವವರ ಕಷ್ಟ ನಿಜವಾದದ್ದೇ. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) 2014ರಲ್ಲಿ ಮಾಡಿದ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಎಡ್‌ನಲ್ಲಿ ಶಾಲಾ ಅನುಭವ ಒಟ್ಟು 20 ವಾರ, ಅದರಲ್ಲಿ ಎರಡನೇ ವರ್ಷದ್ದೇ 16 ವಾರ. ವಾರಕ್ಕೆ ಆರು ದಿನ ಎಂದರೆ 96 ದಿನ. ರಜೆ ಕಳೆದರೂ ಎಂಬತ್ತು ಪುಟ ತುಂಬಬೇಕು. "ಇಂದಿನ ಪಾಠ ಚೆನ್ನಾಗಿ ಮೂಡಿಬಂದಿತು. ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು. ಸಮಯದ ಅಭಾವದಿಂದ ಮೌಲ್ಯಮಾಪನ ಪೂರ್ಣಗೊಳಿಸಲಾಗಲಿಲ್ಲ." ಈ ಮೂರು ವಾಕ್ಯಗಳನ್ನು ಎಂಬತ್ತು ಸಲ ತಿರುಗಿಸಿ ಬರೆದ ಡೈರಿಗಳಿಗೆ ಯಾವ ಕಾಲೇಜಿನಲ್ಲೂ ಕೊರತೆಯಿಲ್ಲ. ಕೊನೆಯ ವಾರ ಒಂದೇ ಸಲ ಕೂತು ಬರೆದದ್ದನ್ನು ಹಿಡಿಯುವುದೂ ಸುಲಭ: ಪೆನ್ನಿನ ಬಣ್ಣ ಬದಲಾಗಿರುವುದಿಲ್ಲ, ಎಲ್ಲೋ ಒಂದು ಕಡೆ ಭಾನುವಾರವೂ ಪಾಠ ನಡೆದಿರುತ್ತದೆ.

ನನ್ನ ಉತ್ತರ ಇಷ್ಟೇ. ನಿಮ್ಮ ಬಗ್ಗೆ ಕಡಿಮೆ ಬರೆಯಿರಿ, ಮಕ್ಕಳು ಏನು ಹೇಳಿದರು, ಏನು ಬರೆದರು ಎಂಬುದನ್ನು ಅವರ ಮಾತಿನಲ್ಲೇ ಹೆಚ್ಚು ಬರೆಯಿರಿ. ಇತಿಹಾಸದ ತರಗತಿಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ಗಣಿತದಲ್ಲಿ ಲೆಕ್ಕ ತಪ್ಪಿದರೆ ಉತ್ತರವೇ ಹೇಳಿಬಿಡುತ್ತದೆ. ಇತಿಹಾಸದಲ್ಲಿ ಮಗು ಇಸವಿ, ಹೆಸರು ಎಲ್ಲ ಸರಿಯಾಗಿ ಒಪ್ಪಿಸಿಯೂ ವಿಷಯವನ್ನು ಪೂರ್ತಿ ತಲೆಕೆಳಗಾಗಿ ತಿಳಿದಿರಬಹುದು. ಆ ತಪ್ಪು ತಿಳಿವಳಿಕೆ "ಅರ್ಥ ಆಯ್ತಾ?", "ಆಯ್ತು ಮಿಸ್" ಎನ್ನುವ ಕೋರಸ್ಸಿನ ಹಿಂದೆ ಹಾಯಾಗಿ ಅಡಗಿ ಕೂತಿರುತ್ತದೆ. ಅದನ್ನು ಹೊರಗೆ ಎಳೆಯುವುದಕ್ಕೇ ಡೈರಿ ಇರುವುದು.

ಒಂದು ಪಾಠ ಹಿಡಿದು ನೋಡೋಣ. ಹತ್ತನೇ ತರಗತಿಯಲ್ಲಿ ಬ್ರಿಟಿಷ್ ಆಳ್ವಿಕೆಯ ವಿಸ್ತರಣೆ, ಅದರೊಳಗೆ ಸಹಾಯಕ ಸೈನ್ಯ ಪದ್ಧತಿ. 1798ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಜಾರಿಗೆ ತಂದದ್ದು. ಷರತ್ತುಗಳು ಎಲ್ಲರಿಗೂ ಗೊತ್ತು: ರಾಜ್ಯದೊಳಗೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಇರಬೇಕು, ಅದರ ಖರ್ಚನ್ನು ರಾಜನೇ ಭರಿಸಬೇಕು ಇಲ್ಲವೇ ಅಷ್ಟು ಆದಾಯದ ಭೂಮಿ ಬಿಟ್ಟುಕೊಡಬೇಕು, ಆಸ್ಥಾನದಲ್ಲಿ ರೆಸಿಡೆಂಟ್ ಎಂಬ ಕಂಪನಿಯ ಪ್ರತಿನಿಧಿ ಇರಬೇಕು, ಬೇರೆ ಯುರೋಪಿಯನ್ನರನ್ನು ಇಟ್ಟುಕೊಳ್ಳಬಾರದು, ಗವರ್ನರ್ ಜನರಲ್‌ನ ಒಪ್ಪಿಗೆಯಿಲ್ಲದೆ ಯಾರೊಡನೆಯೂ ಯುದ್ಧ-ಒಪ್ಪಂದ ಮಾಡಿಕೊಳ್ಳಬಾರದು. ಹೆಚ್ಚಿನ ಪ್ರಶಿಕ್ಷಣಾರ್ಥಿಗಳು ಈ ಐದನ್ನು ಚಾರ್ಟ್ ಮೇಲೆ ಬಣ್ಣಬಣ್ಣವಾಗಿ ಬರೆದು ತಂದು, ಓದಿಸಿ, ಮತ್ತೆ ಕೇಳಿ ಮುಗಿಸುತ್ತಾರೆ. ಮಕ್ಕಳು ಐದನ್ನೂ ಹೇಳುತ್ತಾರೆ. ವೀಕ್ಷಣೆಗೆ ಬಂದವರು "ಉತ್ತಮ" ಎಂದು ಬರೆದು ಹೋಗುತ್ತಾರೆ.

ಅದೇ ತರಗತಿಯಲ್ಲಿ ಕೊನೆಯ ನಾಲ್ಕು ನಿಮಿಷ ಉಳಿಸಿಕೊಂಡು ಅಂಗೈಯಗಲದ ಚೀಟಿ ಹಂಚಿ, "ಈ ಪದ್ಧತಿಯಿಂದ ಯಾರಿಗೆ ಲಾಭ? ಹೇಗೆ? ಎರಡು ವಾಕ್ಯ ಬರೆಯಿರಿ" ಎಂದರೆ ಬೇರೆಯದೇ ಚಿತ್ರ ಬರುತ್ತದೆ. "ರಾಜನ ಹತ್ತಿರ ಸೈನ್ಯ ಇರಲಿಲ್ಲ, ಬ್ರಿಟಿಷರು ಸಹಾಯ ಮಾಡಿದರು" ಎಂಬ ಧಾಟಿಯ ಚೀಟಿಗಳು ಬರುತ್ತವೆ. ಇಲ್ಲಿ ಮಗುವಿನ ದಡ್ಡತನ ಏನೂ ಇಲ್ಲ. ಪದವೇ ದಾರಿ ತಪ್ಪಿಸಿದೆ. ಕನ್ನಡದಲ್ಲಿ "ಸಹಾಯಕ" ಎಂದರೆ ನೆರವಾಗುವವನು, ಮನೆಯಲ್ಲಿ ಶಾಲೆಯಲ್ಲಿ ಅದು ಒಳ್ಳೆಯ ಮಾತು. ಪಾಠದ ಶೀರ್ಷಿಕೆಯೇ ಬ್ರಿಟಿಷರ ಪರ ವಕಾಲತ್ತು ಮಾಡುತ್ತಿದೆ ಎಂಬುದು ಪಾಠ ಯೋಜನೆ ಬರೆಯುವಾಗ ಹೊಳೆಯುವುದಿಲ್ಲ, ಚೀಟಿ ಓದಿದಾಗ ಹೊಳೆಯುತ್ತದೆ. ಆ ದಿನದ ಡೈರಿಗೆ ಬೇಕಾದದ್ದು ಈ ಒಂದು ಗಮನಿಕೆ.

ಆಮೇಲೆ ಅದಕ್ಕೆ ಮದ್ದು. ಈ ಪಾಠದಲ್ಲಿ ಮದ್ದು ಎಂದರೆ ಹಣದ ಅಂಕಿ. 1799ರಲ್ಲಿ ಟಿಪ್ಪುವಿನ ಮರಣದ ನಂತರ ಮೈಸೂರು ಈ ವ್ಯವಸ್ಥೆಗೆ ಒಳಪಟ್ಟಾಗ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ), ರೂಪಾಯಿಯಲ್ಲಿ 24.5 ಲಕ್ಷ, ಕಂಪನಿಗೆ ಕಟ್ಟಬೇಕಾಗಿತ್ತು. ಪಟ್ಟಕ್ಕೆ ಕೂತ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಸುಮಾರು ಐದು ವರ್ಷ. ಅಂಕಿಯನ್ನೂ ವಯಸ್ಸನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, "ಇದಕ್ಕೆ ಒಪ್ಪಿದವರು ಯಾರು? ಒಪ್ಪದಿದ್ದರೆ ಏನಾಗುತ್ತಿತ್ತು?" ಎಂದು ಕೇಳಿ. ದಿವಾನ್ ಪೂರ್ಣಯ್ಯ, ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿ ಆಗ ಪಾಠದೊಳಗೆ ತಾವಾಗಿ ಬರುತ್ತಾರೆ. ಇನ್ನು ಹಣ ಕಟ್ಟುವ ಬದಲು ನೆಲವನ್ನೇ ಕೊಟ್ಟವನು ಹೈದರಾಬಾದಿನ ನಿಜಾಮ. ಮೈಸೂರಿನ ಯುದ್ಧಗಳಿಂದ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪದ ಪ್ರದೇಶಗಳನ್ನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂಬ ಹೆಸರು ಬಂದದ್ದು ಹಾಗೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ ಉಳಿದು, ಅದರ ಹೆಚ್ಚಿನ ತಾಲ್ಲೂಕುಗಳು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದರ ಬೇರು ಇಲ್ಲಿದೆ. ಬಳ್ಳಾರಿ, ವಿಜಯನಗರ ಜಿಲ್ಲೆಯ ಶಾಲೆಗಳಿಗೆ ಹಾಕಿಸಿಕೊಂಡವರು ಇದನ್ನು ಬಿಟ್ಟು ಪಾಠ ಮಾಡಿದರೆ ಕೈಗೆ ಬಂದದ್ದನ್ನು ಚೆಲ್ಲಿದ ಹಾಗೆ.

ಉದಾಹರಣೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. "ಒಬ್ಬ ಬಲಿಷ್ಠ ನಿಮ್ಮ ಮನೆ ಕಾಯುತ್ತೇನೆಂದು ಬಂದು, ನಿಮ್ಮ ಹಜಾರದಲ್ಲೇ ಮಲಗಿ, ಸಂಬಳ ತಡವಾದರೆ ಹೊಲ ಬರೆಸಿಕೊಂಡರೆ?" ಎಂಬ ಕಾವಲುಗಾರನ ಉಪಮೆ ಈ ಪಾಠಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿದೆ, ಕೆಲಸವೂ ಮಾಡುತ್ತದೆ. ಆದರೆ ಉಪಮೆಗೆ ಮೂರು ನಿಮಿಷ ಇಟ್ಟುಕೊಂಡರೆ ಹತ್ತು ನಿಮಿಷ ತಿನ್ನುತ್ತದೆ, ಏಕೆಂದರೆ ಮಕ್ಕಳಿಗೆ ಅವರವರ ಊರಿನ ಬಡ್ಡಿ ಸಾಹುಕಾರರ ಕಥೆ ನೆನಪಾಗುತ್ತದೆ. ಎರಡನೆಯದಾಗಿ, ಉಪಮೆಯಿಂದ ಇತಿಹಾಸಕ್ಕೆ ಮರಳುವ ಸೇತುವೆ ಕಟ್ಟದಿದ್ದರೆ ಘಟಕ ಪರೀಕ್ಷೆಯಲ್ಲಿ "ಬ್ರಿಟಿಷರು ಕಾವಲುಗಾರರಾಗಿದ್ದರು" ಎಂಬ ಉತ್ತರ ಬರುತ್ತದೆ. ಸೇತುವೆ ಎಂದರೆ ಹಲಗೆಯಲ್ಲಿ ಎರಡು ಕಂಬ ಸಾಲು: ಎಡಕ್ಕೆ ಕಾವಲುಗಾರ, ಸಂಬಳ, ಹಜಾರ, ಹೊಲ, ಬಲಕ್ಕೆ ಕಂಪನಿ ಸೈನ್ಯ, ವಾರ್ಷಿಕ ಮೊತ್ತ, ರೆಸಿಡೆಂಟ್, ದತ್ತ ಮಂಡಲ. ಬಲಗಡೆಯದನ್ನು ಮಕ್ಕಳೇ ತುಂಬಬೇಕು. ತುಂಬಿದ ಮೇಲೆ ಎಡಗಡೆಯನ್ನು ಒರೆಸಿಬಿಡಿ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದ ದಿನವೇ ಡೈರಿಗೆ ಹಬ್ಬ. ಹೆಚ್ಚಿನವರು ಅದನ್ನು ಬರೆಯುವುದಿಲ್ಲ, ಅಂಕ ಹೋಗುತ್ತದೆ ಎಂಬ ಭಯ. ಕಿತ್ತೂರಿನ ಪಾಠದಲ್ಲಿ ಒಂದು ಪ್ರಶ್ನೆ ಕಾದಿರುತ್ತದೆ, ತಯಾರಾಗಿರಿ: "ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿ ತಂದದ್ದು ಡಾಲ್‌ಹೌಸಿ, ಅವನು ಬಂದದ್ದು 1848ರಲ್ಲಿ. ಕಿತ್ತೂರಿನ ದತ್ತು ಒಪ್ಪದೇ ಇದ್ದದ್ದು 1824ರಲ್ಲಿ. ಅದು ಹೇಗೆ ಸಾರ್?" ಎರಡು ಅಧ್ಯಾಯಗಳನ್ನು ಜೋಡಿಸಿ ನೋಡುವ ಮಗು ಮಾತ್ರ ಕೇಳುವ ಪ್ರಶ್ನೆ ಇದು. "ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದರೆ ಆ ಮಗು ಇನ್ನು ಹದಿನಾರು ವಾರ ಬಾಯಿ ಬಿಡುವುದಿಲ್ಲ. ಉತ್ತರ ಇದೆ. ದತ್ತಕಕ್ಕೆ ತನ್ನ ಪೂರ್ವಾನುಮತಿ ಬೇಕು ಎಂಬ ಹಕ್ಕುಸಾಧನೆಯನ್ನು ಕಂಪನಿ ಡಾಲ್‌ಹೌಸಿಗೆ ಮೊದಲೇ ಅಲ್ಲಲ್ಲಿ ಮಾಡುತ್ತಿತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಕಿತ್ತೂರು ಕಂಪನಿಯ ಅಧೀನಕ್ಕೆ ಬಂತು. 1824ರಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತುಪುತ್ರ ಶಿವಲಿಂಗಪ್ಪನನ್ನು ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಮುಂದೆ ಗವರ್ನರ್ ಜನರಲ್ ಆಗಿ ಬಂದ ಡಾಲ್‌ಹೌಸಿ ಮಾಡಿದ್ದು, ಅಲ್ಲೊಂದು ಇಲ್ಲೊಂದು ನಡೆಯುತ್ತಿದ್ದುದನ್ನು ಕಟ್ಟುನಿಟ್ಟಿನ ನೀತಿಯಾಗಿಸಿ 1848ರಲ್ಲಿ ಸತಾರಾ, ಆಮೇಲೆ ನಾಗಪುರ, ಝಾನ್ಸಿ ಎಂದು ಒಂದೊಂದಾಗಿ ನುಂಗಿದ್ದು. ಇಷ್ಟು ಗೊತ್ತಿಲ್ಲದಿದ್ದರೆ "ಒಳ್ಳೆ ಪ್ರಶ್ನೆ, ನಾಳೆ ಹೇಳ್ತೀನಿ" ಎಂದು ಹಲಗೆಯ ಮೂಲೆಯಲ್ಲಿ ಬರೆದಿಡಿ, ನಾಳೆ ಮೊದಲ ಎರಡು ನಿಮಿಷ ಅದಕ್ಕೇ ಕೊಡಿ. ಡೈರಿಯಲ್ಲಿ ಪ್ರಶ್ನೆ, ನೀವು ಆಗ ಹೇಳಿದ್ದು, ಮಾರನೆಯ ದಿನ ಕಂಡುಕೊಂಡದ್ದು ಮೂರನ್ನೂ ಬರೆಯಿರಿ. ಅಂಕ ಹೋಗುವುದಿಲ್ಲ, ಹೋದರೆ ಆ ಒಂದು ಅಂಕವನ್ನು ಬಿಟ್ಟುಕೊಡಿ.

ಕಾಲದ ಲೆಕ್ಕ ಇನ್ನೊಂದು ಹಳೆಯ ಹಳ್ಳ. "18ನೇ ಶತಮಾನ" ಎಂದರೆ 1800ರ ನಂತರ ಎಂದು ತರಗತಿಯ ಗಣನೀಯ ಭಾಗ ನಂಬಿರುತ್ತದೆ. ಹಾಗಾಗಿ 1757ರ ಪ್ಲಾಸಿ ಕದನ 17ನೇ ಶತಮಾನಕ್ಕೆ ಹೋಗುತ್ತದೆ. 1757, 1857 ಅದಲುಬದಲಾಗುತ್ತವೆ. ಎಂಟನೇ ತರಗತಿಯಲ್ಲಿ ಕ್ರಿ.ಪೂ. 300 ಮೊದಲೋ ಕ್ರಿ.ಪೂ. 200 ಮೊದಲೋ ಎಂದು ಕೇಳಿದರೆ ಅರ್ಧ ಕೈಗಳು ತಪ್ಪು ಕಡೆ ಏಳುತ್ತವೆ. ಇದಕ್ಕೆ ಭಾಷಣ ಬೇಡ. ಹಲಗೆಯ ಉದ್ದಕ್ಕೂ ಒಂದು ಗೆರೆ, ಅಥವಾ ತರಗತಿಯ ಎರಡು ಗೋಡೆಗಳ ನಡುವೆ ಹಗ್ಗ ಕಟ್ಟಿ 50 ವರ್ಷಕ್ಕೊಂದು ಗೇಣು ಎಂದಿಟ್ಟು ಚೀಟಿ ನೇತುಹಾಕಿಸಿ. 1600ರಲ್ಲಿ ಕಂಪನಿಗೆ ಸನದು, 1757ರಲ್ಲಿ ಪ್ಲಾಸಿ, 1858ರಲ್ಲಿ ಕಂಪನಿ ಹೋಗಿ ರಾಣಿಯ ಆಡಳಿತ ಎಂಬ ಮೂರು ಚೀಟಿ ನೇತಾಡಿದರೆ "ಬ್ರಿಟಿಷರು ಬಂದ ತಕ್ಷಣ ಆಳಿದರು" ಎಂಬ ನಂಬಿಕೆ ತಾನಾಗಿ ಸಡಿಲವಾಗುತ್ತದೆ. ಮೊದಲ ಎರಡು ಚೀಟಿಗಳ ನಡುವಿನ ಒಂದೂವರೆ ಶತಮಾನ ಅವರು ವ್ಯಾಪಾರಿಗಳಾಗಿಯೇ ಇದ್ದರು ಎಂಬುದು ಮೂರು ಗೇಣಿನ ಖಾಲಿ ಹಗ್ಗವಾಗಿ ಕಣ್ಣಿಗೆ ಕಾಣುತ್ತದೆ.

ಸಮಯದ ಅಭಾವ ಎಂದು ಬರೆಯುವ ಬದಲು ನಿಮಿಷ ಬರೆಯಿರಿ. 40 ನಿಮಿಷದ ಅವಧಿ ಎಂದರೆ ಕೈಗೆ ಸಿಗುವುದು 34, ಹೆಚ್ಚೆಂದರೆ 35. ಹಿಂದಿನ ಶಿಕ್ಷಕರು ಹೊರಬರುವುದು, ಹಲಗೆ ಒರೆಸುವುದು, ಹಾಜರಿ, ಯಾರೋ ಸುತ್ತೋಲೆ ತರುವುದು, ಇದಕ್ಕೆಲ್ಲ ಹೋಗುವ ಐದಾರು ನಿಮಿಷವನ್ನು ಯಾವ ಪಾಠ ಯೋಜನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳನ್ನು 34 ನಿಮಿಷಕ್ಕೆ ಹೊಂದಿಸಬೇಕೆಂದರೆ ಪಾಠದಲ್ಲಿ ಒಂದೇ ಮುಖ್ಯ ಪ್ರಶ್ನೆ ಇರಬೇಕು. ಪಠ್ಯದ ಮೂರು ಪುಟ ಮುಗಿಸಬೇಕು ಎಂದು ಹೊರಟರೆ ಮೊದಲು ಸಾಯುವುದು ಕೊನೆಯ ಹಂತ, ಅಂದರೆ ಮಕ್ಕಳಿಗೆ ಏನು ತಿಳಿಯಿತು ಎಂದು ನೋಡುವ ಹಂತ. ಅದಕ್ಕೇ ಎಲ್ಲ ಡೈರಿಯಲ್ಲೂ ಅದೇ ವಾಕ್ಯ. ಇದನ್ನು ತಡೆಯಲು ಪಾಠ ಯೋಜನೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಪ್ರತಿ ಹಂತಕ್ಕೆ ಗಡಿಯಾರದ ಸಮಯವನ್ನೇ ಬರೆಯಿರಿ: "11.22ಕ್ಕೆ ನಕ್ಷೆ". "8 ನಿಮಿಷ" ಎಂದು ಬರೆದರೆ ತರಗತಿಯ ಗಲಾಟೆಯಲ್ಲಿ ಕೂಡಿಸಲು ಆಗುವುದಿಲ್ಲ. 30ನೇ ನಿಮಿಷಕ್ಕೆ ನೀವು ಎಲ್ಲೇ ಇರಿ, ಅಲ್ಲಿಗೆ ನಿಲ್ಲಿಸಿ ಚೀಟಿ ಹಂಚಿ.

ಪ್ರಶ್ನೆ ಕೇಳಿ ಕಾಯುವುದನ್ನೂ ಎಣಿಸಬಹುದು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಮಾತಾಡುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ನೋಡಿ ತೋರಿಸಿಕೊಟ್ಟರು. ಇತಿಹಾಸಕ್ಕೂ ಅದು ಹೊಂದುತ್ತದೆ, ಆದರೆ ಪ್ರಶ್ನೆ ಕಾಯಲು ಯೋಗ್ಯವಾಗಿರಬೇಕು. "ಸಹಾಯಕ ಸೈನ್ಯ ಪದ್ಧತಿ ತಂದವರು ಯಾರು?" ಎಂದು ಕೇಳಿ ಮೂರು ಸೆಕೆಂಡ್ ಕಾದರೆ ಏನೂ ಬೆಳೆಯುವುದಿಲ್ಲ. ಜೊತೆಯ ಪ್ರಶಿಕ್ಷಣಾರ್ಥಿಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ "ಯಾರು, ಎಂದು, ಎಲ್ಲಿ" ಪ್ರಶ್ನೆಗಳಿಗೆ ಒಂದು ಗೆರೆ, "ಯಾಕೆ, ಹೇಗೆ, ಇಲ್ಲದಿದ್ದರೆ" ಪ್ರಶ್ನೆಗಳಿಗೆ ಇನ್ನೊಂದು ಗೆರೆ ಹಾಕಲು ಹೇಳಿ. ಮೊದಲ ವಾರಗಳಲ್ಲಿ ಇಪ್ಪತ್ತಕ್ಕೆ ಎರಡು ಬಂದರೆ ಗಾಬರಿ ಬೇಡ, ಆ ಅಂಕಿ ಡೈರಿಗೆ ಹೋಗಲಿ.

ಆಕರಗಳ ಬಗ್ಗೆ ನನ್ನದು ಸ್ವಲ್ಪ ಕಠಿಣ ನಿಲುವು. ತರಗತಿಗೆ ಒಪ್ಪಂದದ ಷರತ್ತನ್ನು ಸರಳ ಕನ್ನಡದಲ್ಲಿ ಆರು ಸಾಲಿಗೆ ಇಳಿಸಿ ಕೊಡುವುದು ಒಳ್ಳೆಯದು, ಆದರೆ ಅದರ ಕೆಳಗೆ "ಸಾರಾಂಶ" ಎಂದು ಬರೆಯಲೇಬೇಕು. ಚೆನ್ನಮ್ಮ ಬರೆದಂತೆ ಪತ್ರ ಕಟ್ಟಿ, ಚಹಾ ಸೊಪ್ಪಿನ ನೀರಲ್ಲಿ ಕಾಗದ ಅದ್ದಿ ಹಳೆಯದಾಗಿಸಿ, "ಇದು ಮೂಲ" ಎಂದು ತೋರಿಸುವ ಬೋಧನೋಪಕರಣ ನೋಡಲು ಸೊಗಸು, ಇತಿಹಾಸದ ಪಾಠಕ್ಕೆ ದ್ರೋಹ. ನಾಟಕದ ಸಂಭಾಷಣೆಗೂ ದಾಖಲೆಗೂ ವ್ಯತ್ಯಾಸವಿದೆ ಎಂಬುದನ್ನು ಕಲಿಸಬೇಕಾದವರೇ ಅದನ್ನು ಅಳಿಸಬಾರದು. ಅಸಲಿ ಆಕರ ಬೇಕೆಂದರೆ ಊರಲ್ಲೇ ಇರುತ್ತದೆ: ದೇವಸ್ಥಾನದ ಪಕ್ಕದ ವೀರಗಲ್ಲು, ಕೆರೆ ಏರಿಯ ಶಾಸನ, ಮಾಸ್ತಿಕಲ್ಲು. ಫೋಟೋ ತೆಗೆದು ತಂದು ಮೂರೇ ಪ್ರಶ್ನೆ ಕೇಳಿ: ಏನು ಕಾಣುತ್ತಿದೆ, ಏನೆಂದು ಊಹಿಸುತ್ತೀರಿ, ಖಚಿತವಾಗಲು ಇನ್ನೇನು ಬೇಕು? ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ಮೇಲೆ ಹೋದಂತೆ ಅಪ್ಸರೆಯರು, ತುದಿಯಲ್ಲಿ ಲಿಂಗ ಪೂಜೆ ಎಂಬ ಕ್ರಮವನ್ನು ಮಕ್ಕಳು ಪಟ್ಟಿ ಪಟ್ಟಿಯಾಗಿ ಬಿಡಿಸಿ ಹೇಳುತ್ತಾರೆ. ಕೆಳಗಿನಿಂದ ಮೇಲೆ ಓದಬೇಕು ಎಂಬುದನ್ನು ಮಾತ್ರ ನೀವು ಹೇಳಿಕೊಟ್ಟರೆ ಸಾಕು.

ಟಿಪ್ಪು, ಜಾತಿ, ದೇಶ ವಿಭಜನೆಯಂಥ ವಿಷಯಗಳಲ್ಲಿ ಮಕ್ಕಳು ಮನೆಯಲ್ಲೋ ಮೊಬೈಲಿನಲ್ಲೋ ಕೇಳಿದ್ದನ್ನು ತರುತ್ತಾರೆ. ವಾದಕ್ಕೆ ಇಳಿಯಬೇಡಿ, ಬಾಯಿ ಮುಚ್ಚಿಸಲೂ ಬೇಡಿ. ಆ ಮಾತನ್ನು ಹಲಗೆಯ ಮೇಲೆ ಬರೆದು "ಇದನ್ನು ಮೊದಲು ಹೇಳಿದವರು ಯಾರು? ಯಾವಾಗ? ಅವರು ಆಗ ಎಲ್ಲಿದ್ದರು?" ಎಂದು ಕೇಳಿ. ಆ ದಿನವೇ ಮಾರ್ಗದರ್ಶಿ ಶಿಕ್ಷಕರಿಗೂ ಹೇಳಿ, ಮರುದಿನ ಪೋಷಕರು ಬಂದರೆ ಅವರಿಗೆ ಹೊಸ ಸುದ್ದಿ ಆಗಬಾರದು.

ಇಷ್ಟೆಲ್ಲ ಸೇರಿ ಒಂದು ದಿನದ ಪುಟ ಹೇಗಿರಬಹುದು? ಮಾದರಿಗೆಂದು ಕಟ್ಟಿದ್ದು ಇದು:

"10ನೇ ತರಗತಿ, 3ನೇ ಅವಧಿ, ಹಾಜರು 38. ಸಹಾಯಕ ಸೈನ್ಯ ಪದ್ಧತಿ. ಪಾಠ ಶುರುವಾದದ್ದು 4ನೇ ನಿಮಿಷಕ್ಕೆ. ಕಾವಲುಗಾರನ ಉದಾಹರಣೆಗೆ 5 ನಿಮಿಷ ಇಟ್ಟಿದ್ದೆ, 11 ಹಿಡಿಯಿತು, ನಕ್ಷೆ ಬಿಟ್ಟುಹೋಯಿತು. ಚೀಟಿಯಲ್ಲಿ 17 ಸರಿ, 12 ಅರ್ಧ, 9 ತಪ್ಪು. ತಪ್ಪಿದ 9ರಲ್ಲಿ 6 ಮಕ್ಕಳು 'ಸಹಾಯಕ' ಎಂದರೆ ಬಿಟ್ಟಿ ನೆರವು ಎಂದುಕೊಂಡಿದ್ದಾರೆ. ಕ್ರಮಸಂಖ್ಯೆ 14: 'ರಾಜನಿಗೆ ಸೈನ್ಯ ಬೇಕಿತ್ತು ಅದಕ್ಕೆ ಕೊಟ್ಟರು.' ನಾನು ಷರತ್ತುಗಳನ್ನು ಮೊದಲು ಹೇಳಿ ಖರ್ಚಿನ ಅಂಕಿಯನ್ನು ಕೊನೆಗೆ ಹೇಳಿದೆ, ಗಂಟೆ ಹೊಡೆಯಿತು. ನಾಳೆ: 24.5 ಲಕ್ಷ ಎಂಬ ಅಂಕಿಯಿಂದ ಶುರು ಮಾಡುವುದು. ಬೇರೆ ಏನೂ ಬದಲಿಸುವುದಿಲ್ಲ."

ಕೊನೆಯ ಸಾಲು ಗಮನಿಸಿ. ಒಂದು ದಿನಕ್ಕೆ ಒಂದೇ ಬದಲಾವಣೆ. ಐದು ಬದಲಿಸಿದರೆ ಯಾವುದರಿಂದ ಫಲ ಬಂತು ಎಂದು ಗೊತ್ತಾಗುವುದಿಲ್ಲ. ಮಕ್ಕಳ ಹೆಸರು ಬೇಡ, ಕ್ರಮಸಂಖ್ಯೆ ಸಾಕು. ಈ ಪುಸ್ತಕವನ್ನು ಹತ್ತು ಜನ ತಿರುವಿಹಾಕುತ್ತಾರೆ. ಶಾಲೆಯ ಶಿಕ್ಷಕರ ಮೇಲಿನ ದೂರುಗಳೂ ಇಲ್ಲಿಗೆ ಬೇಡ. ಬರೆಯುವ ಸಮಯ ಅದೇ ದಿನ, ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಹದಿನೈದು ನಿಮಿಷ. ಮೂವತ್ತೆಂಟು ಚೀಟಿಗಳನ್ನು ಮೂರು ಗುಡ್ಡೆ ಮಾಡಲು ಹತ್ತು ನಿಮಿಷ ಸಾಕು. ತಿದ್ದಬೇಡಿ, ಅಂಕ ಹಾಕಬೇಡಿ, ಬರೀ ಗುಡ್ಡೆ ಮಾಡಿ. ರಾತ್ರಿಗೆ ಬಿಟ್ಟರೆ ಮಗುವಿನ ವಾಕ್ಯ ಮರೆತು ನಿಮ್ಮ ವಾಕ್ಯ ಬರುತ್ತದೆ.

ಘಟಕ ಪರೀಕ್ಷೆಗೆ ಪ್ರಶ್ನೆಪತ್ರಿಕೆಯ ನೀಲನಕ್ಷೆ, ಆದ ಮೇಲೆ ಅಂಕಗಳ ಸ್ತಂಭನಕ್ಷೆ ಎಲ್ಲ ಮಾಡಿಸುತ್ತಾರೆ. ಅದರ ಜೊತೆಗೆ ಡೈರಿಯಲ್ಲಿ ಒಂದು ಕೆಲಸ ಮಾಡಿ: ಪ್ರಶ್ನೆವಾರು ಎಷ್ಟು ಮಂದಿ ತಪ್ಪಿದರು ಎಂದು ಎಣಿಸಿ. ಅರ್ಧಕ್ಕಿಂತ ಹೆಚ್ಚು ತಪ್ಪಿದ ಪ್ರಶ್ನೆಯಲ್ಲಿ ಮೊದಲು ಪ್ರಶ್ನೆಯನ್ನೇ ಅನುಮಾನಿಸಿ. "ಕಿತ್ತೂರಿನ ಬಗ್ಗೆ ಬರೆಯಿರಿ" ಎಂಬ ಪ್ರಶ್ನೆಗೆ ಏನು ಬರೆದರೂ ಅರ್ಧ ಅಂಕ, ಏನು ಬರೆದರೂ ಪೂರ್ತಿ ಅಲ್ಲ. "ಕಿತ್ತೂರಿನ ದತ್ತುವನ್ನು ಒಪ್ಪದಿರಲು ಕಂಪನಿಗೆ ಯಾವ ಅಧಿಕಾರವಿತ್ತು ಎಂದು ಅದು ಹೇಳಿಕೊಂಡಿತು?" ಎಂದರೆ ಮಗುವಿಗೆ ಕಾಲಿಡಲು ಜಾಗ ಸಿಗುತ್ತದೆ. ಪ್ರಶ್ನೆ ಸರಿಯಿದ್ದೂ ತಪ್ಪಿದ್ದರೆ ಆ ಪಾಠದ ದಿನದ ಪುಟಕ್ಕೆ ಹಿಂದಿರುಗಿ. ನಕ್ಷೆ ಬಿಟ್ಟುಹೋದ ದಿನ ಅದೇ ಆಗಿರುವ ಸಂಭವ ಹೆಚ್ಚು.

ಕೊನೆಯ ವಾರದ ಪುಟಗಳು ನಿಮಗಾಗಿ ಅಲ್ಲ, ಆ ತರಗತಿಗೆ ಮರಳಿ ಬರುವ ಶಿಕ್ಷಕರಿಗಾಗಿ. ಬೀಳ್ಕೊಡುಗೆಯ ಕಣ್ಣೀರು, ಗುಂಪು ಫೋಟೋ ಇದ್ದೇ ಇರುತ್ತವೆ. ಅದಕ್ಕೆ ಮೊದಲು ಒಂದು ಹಾಳೆಯಲ್ಲಿ ಯಾವ ಪುಟದವರೆಗೆ ಪಾಠವಾಗಿದೆ, ಯಾವ ನಕ್ಷೆ ಬಾಕಿ, ಶತಮಾನದ ಲೆಕ್ಕ ಇನ್ನೂ ಗೊಂದಲವಾಗಿರುವ ಕ್ರಮಸಂಖ್ಯೆಗಳು ಯಾವುವು ಎಂದು ಬರೆದು ಮಾರ್ಗದರ್ಶಿ ಶಿಕ್ಷಕರ ಕೈಗೆ ಕೊಡಿ. ಹಗ್ಗ, ಚೀಟಿಗಳನ್ನೂ ಅಲ್ಲೇ ಬಿಟ್ಟು ಬನ್ನಿ.